ಮೂಳೆಗೆಂದು ಕೊಂಡ ಕಡಲಕಳೆ ಕ್ಯಾಪ್ಸೂಲ್: ನಾಲ್ಕು ಬಾಟಲಿ ಮುಗಿಸಿದ ಮೇಲೆ

ದಿನಕ್ಕೆ ಎರಡು ಕ್ಯಾಪ್ಸೂಲ್. ಬಾಟಲಿಗೆ 60. ಹೀಗೆ ನಾಲ್ಕು ತಿಂಗಳಲ್ಲಿ ನಾಲ್ಕು ಬಾಟಲಿ ಹೆಚ್ಚುಕಡಿಮೆ ಮುಗಿಸಿದ್ದೇನೆ. ಐದನೆಯದು ಸೀಲ್ ಒಡೆಯದೆ ಮೇಜಿನ ಮೇಲೆ ಕೂತಿದೆ. ಅದನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕುತ್ತಿಲ್ಲ. ಇಂಥದೇ ಲೇಬಲ್ ಇರುವ ಬಾಟಲಿಗಳು ಬೇಕಾದಷ್ಟಿವೆ, ನನ್ನ ಮಾತು ಅವೆಲ್ಲಕ್ಕೂ ಸೇರಿದ್ದು.

ಮೊದಲು ಒಳ್ಳೆಯ ಮಾತು. ಬಾಟಲಿ ಗಟ್ಟಿಯಾಗಿದೆ, ಬೆಳಕು ಒಳಗೆ ಹೋಗದ ಕಡು ಬಣ್ಣದ್ದು. ಒಳಗೆ ತೇವ ಹೀರುವ ಪುಟ್ಟ ಪೊಟ್ಟಣ ಇದೆ. ಕ್ಯಾಪ್ಸೂಲಿನ ಹೊದಿಕೆ ಸಸ್ಯಮೂಲದ್ದು. ಗಾತ್ರ ಸ್ವಲ್ಪ ದೊಡ್ಡದಾದರೂ ನುಂಗಲು ಕಷ್ಟವಾಗಲಿಲ್ಲ. ಒಂದನ್ನು ಬಿಡಿಸಿ ನೋಡಿದೆ. ಹಸಿರು ಬೆರೆತ ಕಂದು ಪುಡಿ, ಉಪ್ಪು ಉಪ್ಪಾದ ಕಡಲ ವಾಸನೆ. ಊಟದ ನಂತರ ತೆಗೆದುಕೊಂಡರೆ ಹೊಟ್ಟೆಗೆ ಏನೂ ತೊಂದರೆ ಇರಲಿಲ್ಲ. ತರಿಸಿಕೊಳ್ಳುವುದೂ ಸಲೀಸು, ಪ್ರತಿ ಸಲವೂ ಹೇಳಿದ ದಿನಕ್ಕೇ ಬಂತು.

ಇನ್ನು ಕೊಂಡಿದ್ದು ಯಾಕೆ ಅಂತ ಹೇಳಬೇಕು. ನನಗೆ ಈಗ 58. ಕಳೆದ ವರ್ಷ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದಾಗ ಬೆನ್ನುಮೂಳೆಯ ಟಿ-ಸ್ಕೋರ್ ಮೈನಸ್ 1.8 ಬಂತು. ಮೈನಸ್ 1ಕ್ಕಿಂತ ಕೆಳಗೆ ಬಂದರೆ ಮೂಳೆಯ ಸಾಂದ್ರತೆ ಕಡಿಮೆಯಾಗಿದೆ ಎಂದರ್ಥ. ಮೈನಸ್ 2.5 ಮುಟ್ಟಿದರೆ ಅದು ಆಸ್ಟಿಯೋಪೊರೋಸಿಸ್, ಮೂಳೆ ಟೊಳ್ಳಾಗಿ ಸುಲಭವಾಗಿ ಮುರಿಯುವ ಕಾಯಿಲೆ. ನಾನು ಸರಿಯಾಗಿ ನಡುವೆ ಇದ್ದೆ. ಡಾಕ್ಟರು ಔಷಧಿ ಈಗಲೇ ಬೇಡ ಅಂದರು. ವಿಟಮಿನ್ ಡಿ ಸರಿ ಮಾಡಿಕೊಳ್ಳಿ, ಭಾರ ಎತ್ತುವ ವ್ಯಾಯಾಮ ಶುರು ಮಾಡಿ, ಎರಡು ವರ್ಷ ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ ಅಂದರು. ಸರಿಯಾದ ಸಲಹೆಯೇ. ಆದರೆ ಎರಡು ವರ್ಷ ಸುಮ್ನೆ ಕಾಯುವುದು ಯಾರಿಗೆ ಆಗುತ್ತದೆ? ಆಗ ಕಣ್ಣಿಗೆ ಬಿದ್ದದ್ದು ಈ ಬಾಟಲಿ. ಅದರ ಮೇಲೆ ಒಂದು ಸಾಲು ಇತ್ತು: ಕಂದು ಕಡಲಕಳೆಯ ಸಾರ, ಮೂಳೆ ಕಟ್ಟುವ ಕೋಶಗಳನ್ನು ಚುರುಕುಗೊಳಿಸುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡುಬಂದಿದೆ.

ಆ ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಅದು ಸುಳ್ಳಲ್ಲ. ಅದು ನಿಜ ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಾನು 11 ವರ್ಷ ಜೀವಕೋಶ ಬೆಳೆಸುವ ಒಂದು ಪ್ರಯೋಗಾಲಯದಲ್ಲಿ ಟೆಕ್ನಿಶಿಯನ್ ಆಗಿದ್ದೆ. ನನ್ನ ಪಾಲಿಗೆ ಬಂದಿದ್ದು ಮೂಳೆ ಕಟ್ಟುವ ಕೋಶಗಳು, ಅಂದರೆ ಆಸ್ಟಿಯೋಬ್ಲಾಸ್ಟ್‌ಗಳು. ಹುಟ್ಟಿದ ಇಲಿಮರಿಯ ತಲೆಬುರುಡೆಯಿಂದ ಹಿಂದೆ ಯಾವಾಗಲೋ ತೆಗೆದು, ಅಲ್ಲಿಂದ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಹರಡಿದ ಒಂದು ಕೋಶವಂಶ ಇದೆ, ಎಂಸಿ3ಟಿ3-ಇ1 ಅಂತ ಹೆಸರು. 37 ಡಿಗ್ರಿ ಬಿಸಿ, ಶೇಕಡಾ 5 ಇಂಗಾಲದ ಡೈಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಅವನ್ನು ಇಡುತ್ತಿದ್ದೆವು. ಎರಡು ಮೂರು ದಿನಕ್ಕೊಮ್ಮೆ ಹಳೆಯ ದ್ರವ ತೆಗೆದು ಹೊಸದು ಹಾಕಬೇಕು. ರಜೆ ಇದ್ದರೂ ಹೋಗಲೇಬೇಕು. ಸುಮಾರು ಮೂರು ವಾರ ಹೀಗೆ ಸಾಕಿದರೆ ಬಟ್ಟಲಿನ ತಳದಲ್ಲಿ ಅವು ಕ್ಯಾಲ್ಸಿಯಂ ಕಟ್ಟಲು ಶುರು ಮಾಡುತ್ತವೆ. ಕೊನೆಗೆ ಅಲಿಜರಿನ್ ರೆಡ್ ಅನ್ನುವ ಬಣ್ಣ ಸುರಿಯುವುದು. ಕ್ಯಾಲ್ಸಿಯಂ ಇದ್ದಲ್ಲೆಲ್ಲ ಕಡುಗೆಂಪು ಹಿಡಿಯುತ್ತದೆ. ಏನೂ ಕಟ್ಟದ ಬಟ್ಟಲು ಪೇಲವವಾಗಿ ಉಳಿಯುತ್ತದೆ.

ಒಂದು ಕಾಲದಲ್ಲಿ ನಾವು ಫ್ಯೂಕೋಯ್ಡಾನ್ ಹಾಕಿ ನೋಡಿದ್ದೆವು. ಕಂದು ಕಡಲಕಳೆಯನ್ನು ಮುಟ್ಟಿದರೆ ಕೈಗೆ ಲೋಳೆ ಲೋಳೆ ಹತ್ತುತ್ತದಲ್ಲ, ಆ ಲೋಳೆಯಲ್ಲಿರುವ ಒಂದು ಸಕ್ಕರೆ ಸರಪಳಿ ಅದು. ಫ್ಯೂಕೋಸ್ ಎಂಬ ಸಕ್ಕರೆಯ ಕೊಂಡಿಗಳು, ಅವುಗಳಿಗೆ ಅಂಟಿಕೊಂಡ ಸಲ್ಫೇಟ್. ಸ್ವೀಡನ್ನಿನ ಹರಾಲ್ಡ್ ಕೈಲಿನ್ 1913ರಲ್ಲೇ ಇದನ್ನು ಬೇರ್ಪಡಿಸಿದ್ದರು. ಅಷ್ಟು ಹಳೆಯ ವಸ್ತು. ಮೂರನೇ ವಾರ ಬಣ್ಣ ಹಾಕಿದಾಗ ಬರೀ ದ್ರವದಲ್ಲಿ ಬೆಳೆದ ಬಟ್ಟಲು ತಿಳಿಗೆಂಪು, ಫ್ಯೂಕೋಯ್ಡಾನ್ ಕಂಡ ಬಟ್ಟಲು ಗಾಢ ಕೆಂಪು. ಪಕ್ಕಪಕ್ಕ ಇಟ್ಟು ಎಷ್ಟೋ ಹೊತ್ತು ನೋಡುತ್ತಾ ನಿಂತಿದ್ದೆ. ಆ ಕೆಂಪನ್ನು ಇವತ್ತಿಗೂ ಮರೆತಿಲ್ಲ.

ಇದು ನಮ್ಮೊಬ್ಬರ ಅನುಭವವೇನಲ್ಲ. ಮನುಷ್ಯರ ಕಾಂಡಕೋಶಗಳಿಗೆ ಫ್ಯೂಕೋಯ್ಡಾನ್ ಕೊಟ್ಟಾಗ ಅವು ಮೂಳೆ ಕೋಶಗಳಾಗುವ ದಾರಿ ಹಿಡಿಯುತ್ತವೆ ಎಂದು 2015ರಲ್ಲಿ ಪ್ರಕಟವಾದ ಒಂದು ಕೆಲಸ ತೋರಿಸಿತು. ಬಿಎಂಪಿ-2 ಎಂಬ ಪ್ರೋಟೀನು ಹೆಚ್ಚುತ್ತದೆ, ಅದು ಕೋಶದೊಳಗಿನ ಸ್ಮಾಡ್ ಎಂಬ ದೂತರನ್ನು ಎಬ್ಬಿಸುತ್ತದೆ, ಅಲ್ಲಿಂದ ಮೂಳೆಯ ಕೆಲಸ ಶುರು. ಆಲ್ಕಲೈನ್ ಫಾಸ್ಫಟೇಸ್ ಅನ್ನುವ ಕಿಣ್ವವೂ ಏರುತ್ತದೆ. ಈ ಕಿಣ್ವ ಮೂಳೆ ಗಟ್ಟಿಯಾಗಲು ಬೇಕು ಎಂದು ರಾಬರ್ಟ್ ರಾಬಿಸನ್ 1923ರಲ್ಲೇ ಹೇಳಿದ್ದರು. ಕೋಶ ಕೆಲಸಕ್ಕೆ ಇಳಿದಿದೆಯಾ ಇಲ್ಲವಾ ಅಂತ ನೋಡಲು ನಾವು ಮೊದಲು ಅಳೆಯುತ್ತಿದ್ದದ್ದೂ ಅದನ್ನೇ. ಕಂದು ಕಳೆಗೆ ಆ ಕಂದು ಬಣ್ಣ ಕೊಡುವ ಫ್ಯೂಕೋಜಾಂಥಿನ್ ಇನ್ನೊಂದು ಕಡೆಯಿಂದ ಕೆಲಸ ಮಾಡುತ್ತದೆ. ಬಟ್ಟಲಿನಲ್ಲಿ ಅದು ಮೂಳೆ ಕರಗಿಸುವ ಕೋಶಗಳು, ಅಂದರೆ ಆಸ್ಟಿಯೋಕ್ಲಾಸ್ಟ್‌ಗಳು, ಬಲಿಯದಂತೆ ತಡೆಯುತ್ತದೆ. ಫ್ಲೋರೋಟ್ಯಾನಿನ್ ಎಂಬ ಇನ್ನೊಂದು ಗುಂಪೂ ಇದೆ, ಅದರ ಮೇಲೂ ಇಂಥ ಕೆಲಸ ನಡೆದಿದೆ.

ಇಷ್ಟೆಲ್ಲ ಗೊತ್ತಿದ್ದವಳಿಗೆ ಆ ಲೇಬಲ್ ಓದಿ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯ ಇಲ್ಲ. ಆದರೆ ಇಷ್ಟೆಲ್ಲ ಗೊತ್ತಿದ್ದವಳು ಕೊಳ್ಳುವ ಮೊದಲೇ ಒಂದು ಲೆಕ್ಕ ಹಾಕಬೇಕಿತ್ತು. ನಾನು ಹಾಕಿದ್ದು ಎರಡನೇ ಬಾಟಲಿ ಮುಗಿದ ಮೇಲೆ.

ಲೆಕ್ಕ ಕಷ್ಟದ್ದಲ್ಲ. ಬಟ್ಟಲಿನಲ್ಲಿ ಒಂದು ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಫ್ಯೂಕೋಯ್ಡಾನ್ ಹಾಕಿದ್ದೇವೆ ಎಂದು ಇಟ್ಟುಕೊಳ್ಳಿ. ಮೈಯಲ್ಲಿ ರಕ್ತದ್ರವ, ಅಂದರೆ ಪ್ಲಾಸ್ಮಾ, ಸುಮಾರು ಮೂರು ಲೀಟರ್ ಇರುತ್ತದೆ. ಅಷ್ಟೇ ಸಾಂದ್ರತೆ ಅಲ್ಲಿ ಬೇಕೆಂದರೆ ಒಂದೇ ಹೊತ್ತಿಗೆ 30 ಮಿಲಿಗ್ರಾಂ ಫ್ಯೂಕೋಯ್ಡಾನ್ ರಕ್ತದಲ್ಲಿ ಓಡಾಡುತ್ತಿರಬೇಕು. ಅದೂ ಒಂದು ಗಳಿಗೆಗಲ್ಲ, ದಿನಗಟ್ಟಲೆ, ಯಾಕೆಂದರೆ ಬಟ್ಟಲಿನ ಕೋಶಗಳು ಮೂರು ವಾರವೂ ಅದರಲ್ಲೇ ಮುಳುಗಿದ್ದವು. ಗ್ಲೂಕೋಸಿನ ಅಣುತೂಕ 180. ಫ್ಯೂಕೋಯ್ಡಾನಿನದು ಹತ್ತಾರು ಸಾವಿರದಿಂದ ಲಕ್ಷಗಳವರೆಗೆ ಹೋಗುತ್ತದೆ. ಅಷ್ಟು ದೊಡ್ಡ ಸರಪಳಿ ಕರುಳಿನ ಗೋಡೆ ದಾಟುವುದು ತೀರಾ ಕಡಿಮೆ. ನೂರರಲ್ಲಿ ಒಂದು ಪಾಲು ದಾಟಿತು ಅಂದುಕೊಂಡರೂ 30 ಮಿಲಿಗ್ರಾಂ ರಕ್ತ ಸೇರಲು 3 ಗ್ರಾಂ ಶುದ್ಧ ಫ್ಯೂಕೋಯ್ಡಾನ್ ನುಂಗಬೇಕು. ನನ್ನ ಎರಡು ಕ್ಯಾಪ್ಸೂಲ್‌ಗಳ ಒಟ್ಟು ಪುಡಿಯೇ 1 ಗ್ರಾಂ.

ಬಟ್ಟಲಿನ ಬಗ್ಗೆ ಇನ್ನೊಂದು ಮಾತನ್ನು ಹೊರಗಿನವರಿಗೆ ಯಾರೂ ಹೇಳುವುದಿಲ್ಲ. ಆ ದ್ರವದಲ್ಲಿ ನಾವು ಮೊದಲೇ ವಿಟಮಿನ್ ಸಿ ಹಾಕಿರುತ್ತೇವೆ, ಫಾಸ್ಫೇಟ್ ಕೊಡಲು ಬೀಟಾ-ಗ್ಲಿಸರೋಫಾಸ್ಫೇಟ್ ಹಾಕಿರುತ್ತೇವೆ, ಕರುವಿನ ರಕ್ತದ ಸೀರಮ್ ಹಾಕಿರುತ್ತೇವೆ. ಕೋಶಗಳು ಆಗಲೇ ಮೂಳೆ ಕಟ್ಟಲು ತಯಾರಾಗಿ ಕೂತಿರುತ್ತವೆ. ಕಡಲಕಳೆ ಕೊಡುವುದು ಅದರ ಮೇಲಿನ ಒಂದು ತಳ್ಳು. ಜಾಸ್ತಿ ಹಾಕಿದರೆ ಕೋಶಗಳು ಸೊರಗುವುದನ್ನೂ ನೋಡಿದ್ದೇನೆ. ಆ ಬಟ್ಟಲುಗಳ ಫೋಟೋ ಯಾವ ಲೇಬಲ್ ಮೇಲೂ ಬರುವುದಿಲ್ಲ.

ಹಾಗಂತ ಈ ವಸ್ತುವಿನಲ್ಲಿ ನನ್ನ ನಂಬಿಕೆ ಹೋಗಿಲ್ಲ. ಫ್ಯೂಕೋಯ್ಡಾನನ್ನು ಅಲ್ಜಿನೇಟ್ ಜೊತೆ ಬೆರೆಸಿ, ಮೂಳೆ ಕಳೆದುಹೋದ ಜಾಗದಲ್ಲೇ ಇಡುವ ಸ್ಪಂಜಿನಂಥ ಹಂದರ ಮಾಡುವ ಪ್ರಯತ್ನಗಳು ನಡೆಯುತ್ತಿವೆ. ಅಲ್ಜಿನೇಟ್ ಕೂಡ ಕಂದು ಕಳೆಯದೇ, ಹಲ್ಲಿನ ಡಾಕ್ಟರು ಅಚ್ಚು ತೆಗೆಯಲು ಬಾಯಿಗೆ ಒತ್ತುವ ಮೆತ್ತನೆಯ ವಸ್ತು ಅದೇ. ಅಲ್ಲಿ ಕರುಳು ದಾಟುವ ಪ್ರಶ್ನೆಯೇ ಇಲ್ಲ. ಬಟ್ಟಲಿನಲ್ಲಿ ಆದ ಹಾಗೆ ನೇರವಾಗಿ ಕೋಶದ ಪಕ್ಕದಲ್ಲಿ ಇರುತ್ತದೆ. ಕಡಲಕಳೆಯಿಂದ ಮೂಳೆಗೆ ಉಪಕಾರ ಆಗುವುದಾದರೆ ಅದು ಆ ದಾರಿಯಲ್ಲೇ ಮೊದಲು ಆಗುತ್ತದೆ ಅಂತ ನನಗೆ ಅನ್ನಿಸುತ್ತದೆ. ನುಂಗುವ ಕ್ಯಾಪ್ಸೂಲಿನಿಂದ ಮನುಷ್ಯರಲ್ಲಿ ಮೂಳೆ ಮುರಿತ ಕಡಿಮೆಯಾಯಿತು ಎಂದು ತೋರಿಸಿದ ದೊಡ್ಡ ಪ್ರಯೋಗ ಯಾವುದೂ ಇಲ್ಲ.

ಲೆಕ್ಕ ಹಾಕಿದ ಮೇಲೂ ನಾನು ನಿಲ್ಲಿಸಲಿಲ್ಲ. ಉಪಯೋಗ ಆಗದಿದ್ದರೂ ತೊಂದರೆ ಏನೂ ಆಗಲಾರದು ಅಂದುಕೊಂಡೆ. ಕಡಲಲ್ಲಿ ಬೆಳೆದ ಗಿಡ, ಅಷ್ಟೇ ತಾನೇ?

ಮೂರನೇ ತಿಂಗಳಲ್ಲಿ ನಿದ್ದೆ ಕೆಟ್ಟಿತು. ವಯಸ್ಸಿನದು ಅಂದುಕೊಂಡೆ. ಆಮೇಲೆ ಕೂತಲ್ಲೇ ಎದೆ ಬಡಿತ ಕೇಳತೊಡಗಿತು. ಸುಮ್ಮನೆ ಕೂತಾಗ ನನ್ನ ನಾಡಿ ಯಾವಾಗಲೂ 70ರ ಆಸುಪಾಸು, ಈಗ 96. ನಾಲ್ಕನೇ ಬಾಟಲಿ ಮುಗಿಯುವ ಹೊತ್ತಿಗೆ 3 ಕಿಲೋ ಇಳಿದಿದ್ದೆ. ಬಟ್ಟೆ ಗುಂಡಿ ಹಾಕುವಾಗ ಬೆರಳು ಸಣ್ಣಗೆ ನಡುಗುತ್ತಿದ್ದವು. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ 0.08 ಬಂತು. ಸಾಮಾನ್ಯವಾಗಿ ಅದು 0.4ರಿಂದ 4ರ ನಡುವೆ ಇರಬೇಕು. ಇದು ಥೈರಾಯ್ಡಿಗೆ ಕೆಲಸ ಮಾಡು ಎಂದು ಹೇಳುವ ಹಾರ್ಮೋನು, ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದಾಗ ಇದು ಇಳಿಯುತ್ತದೆ. ಅಂದರೆ ನನ್ನ ಥೈರಾಯ್ಡ್ ಅಳತೆ ಮೀರಿ ಓಡುತ್ತಿತ್ತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ? ಬಾಟಲಿ ತೋರಿಸಿದೆ. ಅವರು ಲೇಬಲ್ಲನ್ನು ತಿರುಗಿಸಿ ತಿರುಗಿಸಿ ಓದಿದರು. ಅಯೋಡಿನ್ ಎಷ್ಟಿದೆ ಅಂತ ಎಲ್ಲಿ ಬರೆದಿದ್ದಾರೆ ಅಂದರು.

ಎಲ್ಲೂ ಬರೆದಿರಲಿಲ್ಲ.

ನನಗೆ ಆಗ ಬಂದ ನಾಚಿಕೆ ಅಷ್ಟಿಷ್ಟಲ್ಲ. ಅಯೋಡಿನ್ ಎಂಬ ಧಾತು ಮನುಷ್ಯರಿಗೆ ಸಿಕ್ಕಿದ್ದೇ ಕಡಲಕಳೆಯಿಂದ. 1811ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಕೂರ್ತ್ವಾ ಕಡಲಕಳೆಯ ಬೂದಿಯಲ್ಲಿ ಕೆಲಸ ಮಾಡುವಾಗ ನೇರಳೆ ಹಬೆ ಎದ್ದಿತು, ಅದೇ ಅಯೋಡಿನ್. ಶಾಲೆಯಲ್ಲೇ ಓದಿದ ವಿಷಯ. ಕಂದು ಕಳೆಗಳು ಕಡಲನೀರಿನಿಂದ ಅಯೋಡಿನ್ನನ್ನು ಹೀರಿ ಕೂಡಿಟ್ಟುಕೊಳ್ಳುತ್ತವೆ. ಎಷ್ಟು ಅನ್ನುವುದು ಜಾತಿಯ ಮೇಲೆ ಹೋಗುತ್ತದೆ. ಕೆಲವು ಜಾತಿಗಳ ಒಂದು ಗ್ರಾಂ ಒಣ ಕಳೆಯಲ್ಲಿ ಹತ್ತಾರು ಮೈಕ್ರೋಗ್ರಾಂ ಇದ್ದರೆ ದೊಡ್ಡದಾಗಿ ಬೆಳೆಯುವ ಕಂದು ಕಳೆಗಳಾದ ಕೆಲವು ಕೆಲ್ಪ್‌ಗಳಲ್ಲಿ ಸಾವಿರಾರು ಮೈಕ್ರೋಗ್ರಾಂ ಇರುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ. ದಾಟಬಾರದ ಮಿತಿ ಯುರೋಪಿನ ಲೆಕ್ಕದಲ್ಲಿ 600, ಅಮೆರಿಕದ ಲೆಕ್ಕದಲ್ಲಿ 1,100. ಹೆಚ್ಚಿನವರ ಥೈರಾಯ್ಡ್ ಸ್ವಲ್ಪ ಹೆಚ್ಚುವರಿ ಅಯೋಡಿನ್ನನ್ನು ಹೇಗೋ ಸಂಭಾಳಿಸುತ್ತದೆ. ಆದರೆ ಒಳಗೆ ಸಣ್ಣ ಗಂಟುಗಳಿದ್ದರೆ ಅವು ಸಿಕ್ಕಿದ ಅಯೋಡಿನ್ನನ್ನೆಲ್ಲ ಹಾರ್ಮೋನು ಮಾಡಿಬಿಡಬಹುದು. ಸ್ಕ್ಯಾನ್ ಮಾಡಿದಾಗ ನನ್ನಲ್ಲಿ ಅಂಥ ಎರಡು ಗಂಟುಗಳಿವೆ ಎಂದು ಗೊತ್ತಾಯಿತು. ಅದುವರೆಗೆ ಅವು ನನಗೆ ಏನೂ ಮಾಡಿರಲಿಲ್ಲ.

ಈಗ ನನಗೆ ತುಂಬ ನೋವಾದ ವಿಷಯಕ್ಕೆ ಬರುತ್ತೇನೆ. ಥೈರಾಯ್ಡ್ ಹಾರ್ಮೋನು ಹೆಚ್ಚಾದರೆ ಮೂಳೆ ಸವೆಯುತ್ತದೆ. ನಮ್ಮ ಮೂಳೆ ಯಾವಾಗಲೂ ಕರಗುತ್ತಾ, ಮತ್ತೆ ಕಟ್ಟಿಕೊಳ್ಳುತ್ತಾ ಇರುತ್ತದೆ. ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ಹತ್ತರಲ್ಲಿ ಒಂದು ಪಾಲು ಹೀಗೆ ಹೊಸದಾಗುತ್ತದೆ. ಒಂದು ಗುಂಡಿ ತೋಡಲು ಕೆಲವು ವಾರ ಸಾಕು, ಅದನ್ನು ತುಂಬಲು ತಿಂಗಳುಗಳು ಬೇಕು. ಹಾರ್ಮೋನು ಜಾಸ್ತಿಯಾದಾಗ ಈ ಚಕ್ರ ಬಿರುಸಾಗಿ ತಿರುಗುತ್ತದೆ. ಕರಗಿಸುವವರು ಮುಂದೆ ಓಡುತ್ತಾರೆ, ಕಟ್ಟುವವರು ಗುಂಡಿ ತುಂಬಿ ಮುಗಿಸುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಪ್ರತಿ ಸುತ್ತಿನಲ್ಲೂ ಸ್ವಲ್ಪ ಮೂಳೆ ಕಡಿಮೆ. ಮೂಳೆ ಕಟ್ಟುವ ಕೋಶಗಳ ಹೆಸರಿನಲ್ಲಿ ಮಾರುವ ಕ್ಯಾಪ್ಸೂಲು, ಅಯೋಡಿನ್ ಪ್ರಮಾಣ ಹೇಳದೆ, ಅದೇ ಕೋಶಗಳು ಸೋಲುವ ಸ್ಥಿತಿಗೆ ನನ್ನನ್ನು ತಂದಿಟ್ಟಿತು.

ಕ್ಯಾಪ್ಸೂಲ್ ನಿಲ್ಲಿಸಿದೆ. ಎದೆ ಬಡಿತಕ್ಕೆ ಕೆಲವು ವಾರ ಮಾತ್ರೆ ಕೊಟ್ಟರು. ಮೂರು ತಿಂಗಳ ನಂತರ ಟಿಎಸ್‌ಎಚ್ 1.4ಕ್ಕೆ ಬಂತು, ನಾಡಿ ಮತ್ತೆ 72. ನಿದ್ದೆ ಎಲ್ಲಕ್ಕಿಂತ ಮೊದಲು ವಾಪಸ್ ಬಂತು.

ಕಂಪನಿಗೆ ಬರೆದೆ. ನಾಲ್ಕೇ ಪ್ರಶ್ನೆ ಕೇಳಿದ್ದೆ. ಯಾವ ಜಾತಿಯ ಕಳೆ? ಸಾರದಲ್ಲಿ ಫ್ಯೂಕೋಯ್ಡಾನ್ ಶೇಕಡಾ ಎಷ್ಟು? ಒಂದು ಕ್ಯಾಪ್ಸೂಲಿಗೆ ಅಯೋಡಿನ್ ಎಷ್ಟು? ಆರ್ಸೆನಿಕ್ ಪರೀಕ್ಷೆ ಮಾಡಿಸಿದ್ದೀರಾ? ಕೊನೆಯದನ್ನು ಕೇಳಲು ಕಾರಣ ಇದೆ. ಹಿಜಿಕಿ ಎಂಬ ಕಂದು ಕಳೆಯಲ್ಲಿ ಅಪಾಯದ ರೂಪದ ಆರ್ಸೆನಿಕ್ ಎಷ್ಟಿದೆ ಎಂದರೆ, ಅದನ್ನು ತಿನ್ನಲೇಬೇಡಿ ಎಂದು ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2004ರಲ್ಲಿ ಹೇಳಿತು. ಹನ್ನೆರಡು ದಿನ ಬಿಟ್ಟು ಉತ್ತರ ಬಂತು. ನಮ್ಮ ಕಳೆ ಶುದ್ಧವಾದ ತಣ್ಣನೆಯ ಕಡಲಿನದು, ಖನಿಜಗಳು ಪ್ರಕೃತಿ ಕೊಟ್ಟ ಪ್ರಮಾಣದಲ್ಲೇ ಇವೆ, ಸಂತೃಪ್ತ ಗ್ರಾಹಕರು ತುಂಬ ಜನ ಇದ್ದಾರೆ. ನಾಲ್ಕರಲ್ಲಿ ಒಂದಕ್ಕೂ ಉತ್ತರ ಇಲ್ಲ. ಎರಡನೇ ಸಲ ಬರೆದಾಗ ಉತ್ತರವೇ ಬರಲಿಲ್ಲ.

ಸರಿಯಾಗಿ ಲೇಬಲ್ ಬರೆಯುವವರು ಇಲ್ಲವೇ ಇಲ್ಲ ಅಂತಲ್ಲ. ನನ್ನ ಹಳೆಯ ಸಹೋದ್ಯೋಗಿ ಒಬ್ಬರು ಬೇರೊಂದು ತಯಾರಕರ ಬಾಟಲಿ ತಂದು ತೋರಿಸಿದರು. ಅದರ ಮೇಲೆ ಅಂಡೇರಿಯಾ ಪಿನ್ನಾಟಿಫಿಡಾ ಎಂದು ಜಾತಿಯ ಹೆಸರು ಸ್ಪಷ್ಟವಾಗಿತ್ತು. ಫ್ಯೂಕೋಯ್ಡಾನ್ ಶೇಕಡಾವಾರು ಇತ್ತು. ಕ್ಯಾಪ್ಸೂಲಿಗೆ ಅಯೋಡಿನ್ ಎಷ್ಟು ಎಂದು ಮೈಕ್ರೋಗ್ರಾಂನಲ್ಲಿ ಇತ್ತು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿ ಎಂಬ ಸಾಲೂ ಇತ್ತು. ಆ ಸಾಲು ಬೇಕೇ ಬೇಕು, ಯಾಕೆಂದರೆ ಫ್ಯೂಕೋಯ್ಡಾನ್ ಹೆಪಾರಿನ್ ತರಹದ ಸರಪಳಿ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಗುಣ ಅದಕ್ಕಿದೆ. ನನ್ನ ಬಾಟಲಿಯಲ್ಲಿ ಅದೂ ಇರಲಿಲ್ಲ. ಆ ಇನ್ನೊಂದು ಬಾಟಲಿಯೂ ಮೂಳೆ ಕಟ್ಟಿಕೊಡುತ್ತದೆ ಎಂದು ನಾನು ಹೇಳುವುದಿಲ್ಲ. ಮೇಲಿನ ಕರುಳಿನ ಲೆಕ್ಕ ಅದಕ್ಕೂ ಒಂದೇ. ಆದರೆ ಏನು ನುಂಗುತ್ತಿದ್ದೇವೆ ಅನ್ನುವುದಾದರೂ ಗೊತ್ತಾಗುತ್ತದೆ, ಅಲ್ವಾ?

ಇನ್ನೊಂದು ಗೊಂದಲ ಬಿಡಿಸಿಬಿಡುತ್ತೇನೆ, ಏಕೆಂದರೆ ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. "ಕಡಲ ಕ್ಯಾಲ್ಸಿಯಂ" ಎಂದು ಮಾರುವ ಮಾತ್ರೆಗಳು ಹೆಚ್ಚಾಗಿ ಲಿಥೋಥ್ಯಾಮ್ನಿಯನ್ ಎಂಬ ಕೆಂಪು ಪಾಚಿಯವು. ಅದು ತನ್ನ ಮೈಯಲ್ಲೇ ಸುಣ್ಣ ಕಟ್ಟಿಕೊಳ್ಳುವ ಪಾಚಿ. ಅದರಿಂದ ಸಿಗುವುದು ಕ್ಯಾಲ್ಸಿಯಂ. ಕಂದು ಕಳೆಯ ಸಾರದ ಮಾತೇ ಬೇರೆ, ಅದನ್ನು ಕ್ಯಾಲ್ಸಿಯಂ ಮಾತ್ರೆಯ ಬದಲಿಗೆ ತೆಗೆದುಕೊಳ್ಳಬೇಡಿ. ನನ್ನ ಬಾಟಲಿಯ ಮೇಲೆ ಎರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ ಬರೆದಿದ್ದರು, ಓದಿದವರಿಗೆ ಎರಡೂ ಒಂದೇ ಅನ್ನಿಸುವ ಹಾಗೆ.

ಐದಕ್ಕೆ ಎಷ್ಟು ಅಂತ ಕೇಳಿದರೆ ಒಂದು ಕೊಡುತ್ತೇನೆ, ಅದು ಬಾಟಲಿಗೆ ಮತ್ತು ಸಮಯಕ್ಕೆ ಸರಿಯಾಗಿ ತಲುಪಿಸಿದ್ದಕ್ಕೆ. ಥೈರಾಯ್ಡ್ ತೊಂದರೆ ಇರುವವರು, ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಇಂಥ ಲೇಬಲ್ ಇರುವ ಯಾವ ಬಾಟಲಿಯನ್ನೂ ಮುಟ್ಟಬೇಡಿ. ಆಗಲೇ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ತಾವಾಗಿಯೇ ಹೇಳಿ, ಕೇಳುವವರೆಗೆ ಕಾಯಬೇಡಿ. ನಾನು ಮೂರನೇ ತಿಂಗಳಲ್ಲೇ ಹೇಳಿದ್ದರೆ ಆ ಒಂದು ತಿಂಗಳಾದರೂ ಉಳಿಯುತ್ತಿತ್ತು.

ನಾಲ್ಕನೇ ಬಾಟಲಿಯ ತಳದಲ್ಲಿ ಆರು ಕ್ಯಾಪ್ಸೂಲ್ ಉಳಿದಿದ್ದವು. ಅವನ್ನು ಒಂದು ಪರೀಕ್ಷಾ ಪ್ರಯೋಗಾಲಯಕ್ಕೆ ಕಳಿಸಿದೆ. ವರದಿ ಕಳೆದ ವಾರ ಬಂತು. ಒಂದು ಕ್ಯಾಪ್ಸೂಲಿಗೆ ಅಯೋಡಿನ್ 940 ಮೈಕ್ರೋಗ್ರಾಂ. ದಿನಕ್ಕೆ ಎರಡು ಎಂದರೆ 1,880, ಬೇಕಾದದ್ದರ ಹನ್ನೆರಡು ಪಟ್ಟಿಗಿಂತ ಹೆಚ್ಚು. ವರದಿಯ ಪ್ರತಿಯನ್ನು ಕಂಪನಿಗೆ ಕಳಿಸಿದ್ದೇನೆ. ಈ ಸಲ ಪ್ರಶ್ನೆ ಕೇಳಲಿಲ್ಲ, ಆ ಸಂಖ್ಯೆಯನ್ನು ಲೇಬಲ್ ಮೇಲೆ ಹಾಕಿ ಎಂದಷ್ಟೇ ಬರೆದೆ. ಉತ್ತರ ಬಂದರೆ ಇಲ್ಲೇ ಕೆಳಗೆ ಸೇರಿಸುತ್ತೇನೆ. ಐದನೇ ಬಾಟಲಿಯನ್ನು ನಾಳೆ ವಾಪಸ್ ಕಳಿಸುತ್ತಿದ್ದೇನೆ.